ಪ್ರಸ್ಥಾನಕ್ಕಿಟ್ಟ ಬಾತುಕಾಲು

ಸಮುದ್ರದ ಮೇಲೆ ಸುಮೇಧಾಗೆ ವೈಯಕ್ತಿಕವಾದ ದ್ವೇಷವೇನೂ ಇರಲಿಲ್ಲ. ಅದು ತನ್ನ ಪಾಡಿಗೆ ಉಪ್ಪಾಗಿ ದೂರದಲ್ಲಿದ್ದು, ತಾನು ತನ್ನ ಪಾಡಿಗೆ ಶ್ರೀರಂಗಪಟ್ಟಣದ ಕೋಟೆಯೊಳಗೆ, ಮೂರು ವರ್ಷದ ಸಹನಳ ಹಿಂದೆ ಅನ್ನದ ಬಟ್ಟಲು ಹಿಡಿದು ಓಡುತ್ತಿದ್ದರೆ, ಇಬ್ಬರಿಗೂ ಜನ್ಮಾಂತರದಲ್ಲೂ ಜಗಳ ಬರುವ ಸಂಭವವಿರಲಿಲ್ಲ. ಸಮುದ್ರವನ್ನು ಮನೆಯೊಳಕ್ಕೆ ಕರೆತಂದವನು ಅವಳ ಗಂಡ ಶ್ರೀರಾಮ್.

ಶ್ರೀರಾಮ್‌ಗೆ ಪಾಂಡವಪುರದ ಒಂದು ಬ್ಯಾಂಕಿನಲ್ಲಿ ಕೆಲಸ. ಬ್ಯಾಂಕಿನವರು ಕೊಡುವ ಪ್ರವಾಸದ ಸವಲತ್ತಿನಲ್ಲಿ ಈ ಸಲ ಅಂಡಮಾನಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಸರಿ. ಆದರೆ ಟಿಕೆಟ್ಟು ಬಂದ ಸಾಯಂಕಾಲ ಅವನು ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ, 'ಮೊಸರು ತರೋದು ಮರೆತೆ' ಅನ್ನುವಂಥ ಧ್ವನಿಯಲ್ಲಿ ಹೇಳಿದ:

"ಅಲ್ಲೊಂದು ದಿನ ಸ್ಕೂಬಾನೂ ಬುಕ್ ಮಾಡಿದೀನಿ."

"ಹಾಗಂದ್ರೆ?"

"ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದ ತಳ ನೋಡಿ ಬರೋದು ಕಣೇ. ನಲವತ್ತಡಿ, ಅಷ್ಟೆ."

ಅಷ್ಟೆ! ಸುಮೇಧಾ ತಲೆ ಎತ್ತಿ ಸೂರು ನೋಡಿದಳು. ಹಂಚಿನ ಮನೆ, ತುದಿಯವರೆಗೆ ಹದಿಮೂರು ಹದಿನಾಲ್ಕು ಅಡಿ ಇದ್ದೀತು. ಅಂಥ ಮೂರು ಮನೆಗಳನ್ನು ಒಂದರ ಮೇಲೊಂದು ಪೇರಿಸಿ, ಕಂಠಪೂರ್ತಿ ಉಪ್ಪು ನೀರು ತುಂಬಿ, ತಳದಲ್ಲಿ ಗಂಡನನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿದಳು. (ಮನಸ್ಸಿನಲ್ಲೇ.) ಕೂರಿಸಿದ ಮರುಕ್ಷಣ ಕಣ್ಣು ತುಂಬಿ ಬಂತು.

"ಬೇಡಾ ರೀ."

"ಏಯ್, ಕಾವೇರೀಲಿ ಈಜು ಕಲಿತೋನು ನಾನು."

"ಕಾವೇರೀಲಿ ಮುಳುಗಿದ್ರೆ ಸಂಗಮದ ಹತ್ರ ಆದ್ರೂ ಸಿಗ್ತೀರಿ. ಸಮುದ್ರದಲ್ಲಿ ನಾನು ಎಲ್ಲೀಂತ ಹುಡುಕಲಿ?"

ಮೂರು ದಿನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು. ನಾಲ್ಕನೆಯ ದಿನ ಸುಮೇಧಾ ಕಣ್ಣೊರೆಸಿಕೊಂಡು ಎದ್ದಳು. ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗಿ ಓದಿದವಳಿಗೆ ಒಂದು ನಂಬಿಕೆ: ಯಾವ ಅಪಾಯವನ್ನೇ ಆಗಲಿ ಸಾಕಷ್ಟು ಓದಿದರೆ ಅದು ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. (ಬಸುರಿಯಾಗಿದ್ದಾಗ ಹೆರಿಗೆಯ ಬಗ್ಗೆ ಅವಳು ಎಷ್ಟು ಓದಿಕೊಂಡಿದ್ದಳೆಂದರೆ, ಆಸ್ಪತ್ರೆಯ ನರ್ಸಮ್ಮನೇ 'ನೀವೇ ಮುಂದುವರೆಸಿ' ಎಂದು ಪಕ್ಕಕ್ಕೆ ಸರಿದಿದ್ದರಂತೆ.) ಈಗ ಓದುತ್ತ ಹೋದಂತೆ ಅವಳಿಗೆ ಒಂದು ಭಯಂಕರ ಸತ್ಯ ಹೊಳೆಯಿತು. ಸಮುದ್ರದೊಳಗೆ ಉಸಿರಾಡಲು ಬಾಯಲ್ಲಿ ಒಂದು ರಬ್ಬರಿನ ತುಂಡು ಕಚ್ಚಿಕೊಂಡಿರಬೇಕು. ಬಾಡಿಗೆಯ ಸಾಮಾನಿನಲ್ಲಿ ಆ ತುಂಡನ್ನು ಹಿಂದಿನ ದಿನ ಇನ್ಯಾರೋ ಕಚ್ಚಿರುತ್ತಾರೆ. ಅದರ ಹಿಂದಿನ ದಿನ ಇನ್ಯಾರೋ.

"ಮುಳುಗಿ," ಎಂದಳು ಗಂಡನಿಗೆ. "ಆದ್ರೆ ನಾನು ಆರಿಸಿದ ಸ್ವಂತ ಸಾಮಾನಲ್ಲೇ ಮುಳುಗ್ಬೇಕು. ಬಾಡಿಗೇದು ಮುಟ್ಟೋ ಹಾಗಿಲ್ಲ. ಸಹನ ಮೇಲೆ ಆಣೆ."

"ಅದೆಲ್ಲ ಮಣಗಟ್ಲೆ ತೂಕ ಕಣೇ! ವಿಮಾನದಲ್ಲಿ ತಲೆಗೆ ಹದಿನೈದು ಕೆಜಿ ಮೇಲೆ ಬಿಡಲ್ಲ."

"ಪ್ರಯಾಣಕ್ಕೇ ಅಂತ ಪುಟ್ಟದು, ಹಗುರದ್ದು ಬರತ್ತಂತೆ. ಸಿಲಿಂಡರ್ ಒಂದು ಅಲ್ಲೇ ಕೊಡ್ತಾರೆ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಎಂಟು ದಿನದಲ್ಲಿ ಸುಸ್ತಾಗಿ ಕೈಬಿಡುತ್ತಾಳೆ ಎಂದುಕೊಂಡು ಶ್ರೀರಾಮ್ ಆಣೆ ಇಟ್ಟ. ಐದು ವರ್ಷ ಸಂಸಾರ ಮಾಡಿದವನು ಹಾಗೆ ಅಂದುಕೊಂಡದ್ದು ಅವನದೇ ತಪ್ಪು.

ಮುಂದಿನ ಮೂರು ವಾರ ಆ ಮನೆಯಲ್ಲಿ ನಡೆದದ್ದು ವಧೂಪರೀಕ್ಷೆಗೆ ಕಡಿಮೆಯದಲ್ಲ. ಸಹನಳ ಹಾಲಿನ ಪುಡಿ, ಪುಟ್ಟ ಕುಕ್ಕರು, ರಾಗಿಹುರಿಹಿಟ್ಟು, ಹನ್ನೊಂದು ಜೊತೆ ಬಟ್ಟೆ, ಜ್ವರದ ಔಷಧ, ಜ್ವರ ಬರದಿರಲು ಔಷಧ, ಎಲ್ಲ ಸೇರಿ ಮಗುವಿನ ಪಾಲಿನ ತೂಕ ಭರ್ತಿಯಾಗಿ ಅಪ್ಪನ ಪಾಲಿಗೂ ದಾಟಿತ್ತು. ಲೆಕ್ಕ ಹಾಕಿದರೆ ಮುಳುಗುವ ಸಾಮಾನಿಗೆ ಉಳಿದದ್ದು ಆರು ಕೆಜಿ ನಾನೂರು ಗ್ರಾಂ. ಬೆಂಗಳೂರಿನ ಅಂಗಡಿಯೊಂದಕ್ಕೆ ಸುಮೇಧಾ ದಿನಕ್ಕೆರಡು ಸಲ ಫೋನು ಮಾಡಿದಳು. ಗಾಜಿನ ಕನ್ನಡಕ ಮಡಿಸೋಕಾಗತ್ತಾ? ಮೂಗು ಮುಚ್ಚೋ ಭಾಗ ಮೆತ್ತಗಿದ್ಯಾ? ಕಾಲಿಗೆ ಉದ್ದ ಈಜುರೆಕ್ಕೆ ಬೇಡ, ಗಿಡ್ಡದು ತೋರ್ಸಿ. ಗಿಡ್ಡದರಲ್ಲಿ ಇನ್ನೂ ಗಿಡ್ಡದು? ಅದಕ್ಕಿಂತ? ಕೊನೆಕೊನೆಗೆ ಅಂಗಡಿಯವನು ಇವಳ ಧ್ವನಿ ಕೇಳಿದ ಕೂಡಲೇ "ಇನ್ನೂರ ಹತ್ತು ಗ್ರಾಂ ಮೇಡಂ" ಎಂದು ಉತ್ತರವನ್ನೇ ಮೊದಲು ಹೇಳಿ, ಪ್ರಶ್ನೆ ಯಾವುದೆಂದು ಆಮೇಲೆ ಕೇಳುತ್ತಿದ್ದ.

ಅತ್ತೆ ತುಳಸಮ್ಮನವರಿಗೂ ಇದರಲ್ಲಿ ಅಪಾರ ಆಸಕ್ತಿ ಹುಟ್ಟಿತು. ಸೊಸೆ ಫೋನಿನಲ್ಲಿ ತೋರಿಸಿದ ಈಜುರೆಕ್ಕೆಗಳನ್ನು ನೋಡಿ, "ಇದು ಬಾತುಕಾಲು ಕಣೇ!" ಎಂದು ನಾಮಕರಣ ಮಾಡಿದವರು ಅವರೇ. ಆ ಹೆಸರೇ ಮನೆಯಲ್ಲಿ ಖಾಯಮ್ಮಾಯಿತು.

"ಇದೇನು, ಸೊಂಡಿಲು?"

"ಅದು ರೆಗ್ಯುಲೇಟರ್ ಅತ್ತೆ."

"ನಮ್ಮ ಗ್ಯಾಸ್ ಒಲೇದು ಇಷ್ಟುದ್ದ ಇಲ್ವಲ್ಲ."

"ಇದು ಉಸಿರಾಡೋಕೆ. ಬಾಡಿಗೆಗೂ ಸಿಗತ್ತೆ, ಆದ್ರೆ ಅದನ್ನ ಹತ್ತು ಜನ ಬಾಯಲ್ಲಿ ಕಚ್ಚಿರ್ತಾರೆ."

"ಹತ್ತು ಜನದ ಎಂಜಲಾ!" ತುಳಸಮ್ಮನವರು ಸೆರಗಿನಿಂದ ತಮ್ಮ ಬಾಯನ್ನೇ ಮುಚ್ಚಿಕೊಂಡರು. ಆ ಕ್ಷಣದಿಂದ ಅವರು ಸೊಸೆಯ ಪಕ್ಷ. ಸಾಯಂಕಾಲದೊಳಗೆ ಮಾವ ಶಾಮಣ್ಣನವರೂ ಪಕ್ಷಾಂತರ ಮಾಡಿದರು. ಮೇಷ್ಟರಾಗಿ ನಿವೃತ್ತರಾದವರು, ಸುಮೇಧಾ ಗ್ರಾಂ ಲೆಕ್ಕ ಬರೆದಿದ್ದ ಹಾಳೆಗೆ ಕೆಂಪು ಶಾಯಿಯಲ್ಲಿ ಒಂದು ಸರಿಗುರುತು ಹಾಕಿಕೊಟ್ಟರು.

ಉಳಿದದ್ದು ಕುತ್ತಿಗೆಯಿಂದ ಕಾಲಿನವರೆಗೆ ಮೈಗೆ ಅಂಟುವ ರಬ್ಬರು ಅಂಗಿ. "ಅಳತೆ ಹೇಳಿ ಮೇಡಂ," ಎಂದ ಅಂಗಡಿಯವನು.

ಟೇಪು ಹಿಡಿದು ಬಂದ ಹೆಂಡತಿಯನ್ನು ನೋಡಿ ಶ್ರೀರಾಮ್‌ಗೆ ಸಿಟ್ಟು ಬಂತು. "ನನ್ನ ಅಳತೆ ಊರಿಗೇ ಗೊತ್ತು. ಮದುವೆ ಸೂಟು ಹೊಲಿದ್ನಲ್ಲ ಕುಳ್ಳಯ್ಯ, ಅವನ ಪುಸ್ತಕದಲ್ಲಿ ಇದೆ. ನಾನೇನು ಬದಲಾಗಿದೀನಾ?"

ಹಾಗೆ ಕೇಳುವಾಗ ಅವನು ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡಿದ್ದ. ಸುಮೇಧಾ ಅದನ್ನು ನೋಡಿದಳು. ಹೌದು, ಬದಲಾಗಿದೀರಿ ಅನ್ನಬಹುದಿತ್ತು. ಆದರೆ ಪೇಟೆಬೀದಿಯ ಟೈಲರ್ ಕುಳ್ಳಯ್ಯನ ಪುಸ್ತಕ ನೋಡಿಕೊಂಡು ಬಂದಾಗ ಆ ಅಳತೆ ನಡುಗಾತ್ರದ ಅಂಗಿಗೆ ಸರಿಯಾಗಿ ಕೂತಿತು; ನಡುಗಾತ್ರದ್ದು ದೊಡ್ಡದಕ್ಕಿಂತ ಮುನ್ನೂರೈವತ್ತು ಗ್ರಾಂ ಕಡಿಮೆ. ಮುನ್ನೂರೈವತ್ತು ಗ್ರಾಮೆಂದರೆ ಸಹನಳ ಒಂದು ಡಬ್ಬಿ ಹಾಲಿನ ಪುಡಿ. ಜೊತೆಗೆ ಅಂಗಡಿಯವನೇ, "ಚರ್ಮದಷ್ಟು ಬಿಗಿ ಇರ್ಬೇಕು ಮೇಡಂ, ಎಳೆದಷ್ಟೂ ಹಿಗ್ಗತ್ತೆ" ಎಂದಿದ್ದ. ಬಾತುಕಾಲಿಗೂ ಹಾಗೆಯೇ, ಮದುವೆಯಲ್ಲಿ ಕೊಡಿಸಿದ್ದ ಬೂಟಿನ ನಂಬರು ಹೇಳಿದಳು. (ಇಷ್ಟಕ್ಕೇ ಅವಳನ್ನು ಬೈಯಬೇಡಿ. ತೂಕದ ಚಿಂತೆ ಹತ್ತಿದವರಿಗೆ ಗಾತ್ರ ಕಾಣುವುದಿಲ್ಲ.)

ಸಾಮಾನು ಬರುವುದು ತಡವಾಯಿತು. ಶನಿವಾರ ಮಧ್ಯಾಹ್ನ ವಿಮಾನವೆಂದರೆ ಬುಧವಾರ ಸಾಯಂಕಾಲ ಪೆಟ್ಟಿಗೆ ಮನೆಗೆ ಬಂತು. ಸುಮೇಧಾ ಒಂದೊಂದನ್ನೇ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದಳು. ಬಾತುಕಾಲಿನ ಸಂದಿಗೆ ಸೊಂಡಿಲು ಸುತ್ತಿ, ಸೊಂಡಿಲಿನ ನಡುವೆ ಕನ್ನಡಕದ ಡಬ್ಬಿ ಕೂರಿಸಿ, ಡಬ್ಬಿಯೊಳಗೆ ಸಹನಳ ಕಾಲುಚೀಲ ತುರುಕಿ, ಮೇಲೆ ರಬ್ಬರು ಅಂಗಿಯನ್ನು ಹೋಳಿಗೆಯಂತೆ ಮಡಿಸಿಟ್ಟು ಬ್ಯಾಗಿನ ಜಿಪ್ಪು ಎಳೆದಳು. ಆರು ಕೆಜಿ ಮುನ್ನೂರ ತೊಂಬತ್ತು! ಹತ್ತು ಗ್ರಾಂ ಉಳಿತಾಯ! ಮೂರು ವಾರದಲ್ಲಿ ಮೊದಲ ಸಲ ಅವಳ ಎದೆ ಹಗುರವಾಯಿತು. ಆಮೇಲೆ ಜಿಪ್ಪು ಬಿಚ್ಚಿದಳು.

"ರೀ, ಬನ್ನಿ, ಒಂದ್ಸಲ ಹಾಕಿ ನೋಡಿ."

"ಮುಟ್ಟಬೇಡ್ವೋ!" ತುಳಸಮ್ಮನವರು ದೇವರ ಮನೆಯಿಂದ ಕೂಗಿದರು. ಹಿಂದೆಯೇ ಶಾಮಣ್ಣನವರು ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಪಂಚಾಂಗ ಹಿಡಿದು ಹೊರಬಂದರು.

"ಅಂಡಮಾನು ಯಾವ ದಿಕ್ಕಮ್ಮ?"

"ಪೂರ್ವ ಮಾವ."

"ಹೊರಡೋದು?"

"ಶನಿವಾರ."

"ಶನಿವಾರ ಪೂರ್ವಕ್ಕೆ ಶೂಲ," ಎಂದರು ಶಾಮಣ್ಣನವರು, ವಿದ್ಯಾರ್ಥಿಗೆ ನಪಾಸಾಗಿದೆ ಅನ್ನುವ ಹಾಗೆ. "ಆ ದಿನ ಆ ಕಡೆ ಹೊರಡಕೂಡದು."

"ವಿಮಾನದವರು ಹೊರಡ್ತಾರಲ್ಲಪ್ಪ," ಎಂದ ಶ್ರೀರಾಮ್.

"ಅವರಿಗೆ ಬಿಡು, ಅಭ್ಯಾಸ ಆಗಿದೆ. ನಮಗೆ ಪ್ರಸ್ಥಾನ ಇಟ್ರೆ ಆಯ್ತು."

ಇಂಗ್ಲಿಷ್ ಶಾಲೆಯಲ್ಲಿ ಓದಿದ ಸುಮೇಧಾಗೆ ಗೊತ್ತಿದ್ದದ್ದು ಒಂದೇ, ಮಹಾಪ್ರಸ್ಥಾನ. ಪಾಂಡವರು ಹಿಮಾಲಯಕ್ಕೆ ಹೊರಟು, ದಾರಿಯುದ್ದಕ್ಕೂ ಒಬ್ಬೊಬ್ಬರಾಗಿ ಬಿದ್ದದ್ದು. "ಅತ್ತೆ! ಬಿಡ್ತು ಅನ್ನಿ ಅತ್ತೆ!"

"ಏ ಹುಚ್ಚಿ, ಅದಲ್ಲ ಕಣೇ. ಒಳ್ಳೇ ದಿನ, ಒಳ್ಳೇ ಹೊತ್ತಲ್ಲಿ ಪ್ರಯಾಣದ ಗಂಟು ಒಂದನ್ನ ಮನೆ ಹೊಸ್ತಿಲು ದಾಟಿಸಿ, ಹೋಗೋ ದಿಕ್ಕಲ್ಲಿ ಬೇರೆಯವರ ಮನೇಲಿ ಇಟ್ಬಿಡೋದು. ಅಲ್ಲಿಗೆ ಪ್ರಯಾಣ ಶುರುವಾಯ್ತು ಅಂತ ಲೆಕ್ಕ. ನಾಳೆ ಗುರುವಾರ, ಪೂರ್ವಕ್ಕೆ ದೋಷ ಇಲ್ಲ. ಗಂಜಾಮಿನಲ್ಲಿ ರಂಗನಾಯಕಿ ಮನೆ ಇದ್ಯಲ್ಲ, ಪೂರ್ವಕ್ಕೇ ಆಯ್ತು."

ಗಂಜಾಂ ರಂಗನಾಯಕಮ್ಮನವರು ಶಾಮಣ್ಣನವರ ತಂಗಿ, ಶ್ರೀರಾಮನ ಸೋದರತ್ತೆ. ಮನೆಯಿಂದ ಮೂರು ಕಿಲೋಮೀಟರು. ಅಂಡಮಾನಿಗೆ ಇನ್ನೆಷ್ಟೋ ಸಾವಿರ ಬಾಕಿ; ಆದರೂ ಶಾಸ್ತ್ರದ ಪ್ರಕಾರ ಶುರು ಶುರುವೇ.

"ಬಟ್ಟೆ ಬ್ಯಾಗು ಕಳಿಸೋಣ ಅತ್ತೆ," ಎಂದು ಸುಮೇಧಾ ಗೋಗರೆದಳು. "ಇದು ಬೇಡ. ಇವರಿನ್ನೂ ಹಾಕೇ ನೋಡಿಲ್ಲ."

"ಯಾವ ಗಂಡಾಂತರಕ್ಕೆ ಇಳೀತಾನೋ ಅದರ ಸಾಮಾನೇ ಹೋಗ್ಬೇಕು. ಪ್ರಯಾಣದ ಯಜಮಾನ ಹಾಕಿ ಬಿಚ್ಚಿದ್ದು ಪ್ರಸ್ಥಾನಕ್ಕೆ ಬರಲ್ಲ. ಇಟ್ಮೇಲೆ ಅವನು ಆ ಮನೆ ಕಡೆ ಹೋಗೂ ಕೂಡದು, ಶನಿವಾರ ಹೊರಡೋವಾಗ್ಲೇ ಎತ್ಕೋಬೇಕು. ಬ್ಯಾಗು ತಿರುಗಿ ಈ ಹೊಸ್ತಿಲು ತುಳೀಬಾರದು. ತಿಳೀತಾ?"

ಸುಮೇಧಾಗೆ ಇಂಥದ್ದರಲ್ಲೆಲ್ಲ ನಂಬಿಕೆ ಇರಲಿಲ್ಲ. ಭಯ ಇತ್ತು. ನಂಬಿಕೆ ಇಲ್ಲದವರ ಭಯಕ್ಕೆ ಪರಿಹಾರವೂ ಇಲ್ಲವಾದ್ದರಿಂದ ಅವಳು ಮತ್ತೆ ಜಿಪ್ಪು ಎಳೆದಳು.

ಗುರುವಾರ ಬೆಳಿಗ್ಗೆ ಚಿಕ್ಕಸ್ವಾಮಿ ತನ್ನ ಓಮ್ನಿ ತಂದು ಬಾಗಿಲಿಗೆ ನಿಲ್ಲಿಸಿದ. ಕರಿಘಟ್ಟದ ಕಡೆಯವನು, ಆ ಮನೆಗೆ ಮದುವೆಗೂ ಆಸ್ಪತ್ರೆಗೂ ಅವನದೇ ಗಾಡಿ. ಬ್ಯಾಗಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಹಿಂದಿನ ಸೀಟಿನಲ್ಲಿ ಕೂರಿಸಿದ್ದನ್ನು ನೋಡಿ ಅವನು ತಲೆ ಕೆರೆದುಕೊಂಡ.

"ಅಲ್ಲ ಕಣಕ್ಕಾ, ಬ್ಯಾಗೊಂದ್ನೇ ಕಳಿಸ್ತಿದ್ದೀರಲ್ಲಾ, ಜನ ಬರಾಕಿಲ್ವಾ?"

"ನಾವು ಶನಿವಾರ ಬರ್ತೀವಿ," ಎಂದಳು ಸುಮೇಧಾ, ಬ್ಯಾಗಿನ ಮೇಲಿಂದ ಕಣ್ಣು ಕೀಳದೆ.

"ಓ! ಬಸ್ಸಲ್ಲಿ ಟವಲ್ ಆಕಿ ಸೀಟ್ ಇಡ್ಕತೀವಲ್ಲಾ, ಅಂಗೆ!"

"ಹೆಚ್ಚುಕಮ್ಮಿ ಅದೇ ಕಣಯ್ಯ," ಎಂದರು ಶಾಮಣ್ಣನವರು. ಇಷ್ಟು ಚೆನ್ನಾಗಿ ಅವರಿಗೂ ವಿವರಿಸಲು ಬಂದಿರಲಿಲ್ಲ.

"ನಿಧಾನಕ್ಕೆ ಹೋಗು ಚಿಕ್ಕಸ್ವಾಮಿ. ಒಳಗೆ ಗಾಜಿದೆ."

"ಎದ್ರಿಕೋಬ್ಯಾಡಿ. ಬಸುರಿ ಎಂಗಸ್ರನ್ನ ಕರ್ಕಂಡೋಗಂಗೆ ಓಯ್ತೀನಿ."

ಅವನು ಹೋಗಿ ಹತ್ತು ನಿಮಿಷದಲ್ಲಿ ಸುಮೇಧಾಗೆ ಶುರುವಾಯಿತು. ಅಲ್ಲಿ ಇಲಿ ಇದ್ದರೆ? ರಂಗನಾಯಕತ್ತೆ ಬ್ಯಾಗನ್ನು ಬಿಸಿಲಲ್ಲಿಟ್ಟರೆ? ರಬ್ಬರು ಕರಗಿದರೆ? ಕರಗಿದ ರಬ್ಬರು ನಲವತ್ತಡಿ ಆಳದಲ್ಲಿ ಗಂಡನ ಬಾಯಿಂದ ಜಾರಿದರೆ? ಗುರುವಾರ ಪೂರ್ತಿ ಅವಳು ಮಾಡಿದ್ದೆಲ್ಲ ಎರಡೆರಡು ಸಲ. ಸಹನಳಿಗೆ ಎರಡು ಸಲ ತಲೆಗೆ ಸ್ನಾನವಾಯಿತು.

ಶುಕ್ರವಾರ ತಡೆಯಲಾಗಲಿಲ್ಲ. ಯಜಮಾನ ಹೋಗಕೂಡದು ಎಂದಿತ್ತೇ ಹೊರತು ಯಜಮಾನನ ಹೆಂಡತಿಯ ಮಾತು ಶಾಸ್ತ್ರದಲ್ಲಿ ಬಂದಿರಲಿಲ್ಲ. ನಿಮಿಷಾಂಬನ ದರ್ಶನ ಎಂಬ ನೆವ ಮಾಡಿ ಗಂಜಾಮಿಗೆ ಓಡಿದಳು. ಬ್ಯಾಗು ರಂಗನಾಯಕಮ್ಮನವರ ನಡುಮನೆಯಲ್ಲಿ, ರಂಗೋಲಿ ಹಾಕಿದ ಮಣೆಯ ಮೇಲೆ, ತಲೆಯ ಮೇಲೊಂದು ಮಲ್ಲಿಗೆ ದಂಡೆ ಮುಡಿದು ಬಾಣಂತಿಯಂತೆ ಕೂತಿತ್ತು. ಎತ್ತಿ ನೋಡಿದಳು.

"ಅತ್ತೆ! ಇದರ ತೂಕ ಜಾಸ್ತಿಯಾಗಿದೆ!"

"ಎಲ್ಲಿ ಜಾಸ್ತಿ? ಒಂದಿಷ್ಟು ಚಕ್ಕುಲಿ ಇಟ್ಟೆ ಅಷ್ಟೆ. ಆ ಬಾತುಕಾಲಲ್ಲಿ ಪಾದ ತೂರಿಸೋ ಜಾಗ ಸುಮ್ನೆ ಖಾಲಿ ಬಿದ್ದಿತ್ತು. ನೀನೇ ಹೇಳಿದ್ದೆಯಂತಲ್ಲ, ಒಂಚೂರೂ ಜಾಗ ಹಾಳು ಮಾಡಬಾರದು ಅಂತ."

ಒಂದು ಕಾಲಿನಲ್ಲಿ ಚಕ್ಕುಲಿ, ಇನ್ನೊಂದರಲ್ಲಿ ಕೋಡುಬಳೆ. ಸುಮೇಧಾ ಅವನ್ನೆಲ್ಲ ತೆಗೆದು ತಟ್ಟೆಗೆ ಸುರಿದಳು. ಸುರಿದ ಮೇಲೆ ಇನ್ನೊಂದು ಚಿಂತೆ: ಚಕ್ಕುಲಿಯ ಚೂರು ಚುಚ್ಚಿ ರಬ್ಬರಿಗೆ ತೂತು ಬಿದ್ದಿದ್ದರೆ? ಪರೀಕ್ಷೆ ಮಾಡದೆ ವಿಧಿಯಿಲ್ಲ. ಕನ್ನಡಕವನ್ನು ಮುಖಕ್ಕೊತ್ತಿ ಮೂಗಿನಲ್ಲಿ ಉಸಿರು ಎಳೆದುಕೊಂಡರೆ, ಪಟ್ಟಿಯ ಹಂಗಿಲ್ಲದೆ ಅದು ಮುಖಕ್ಕೆ ಕಚ್ಚಿ ನಿಲ್ಲಬೇಕು ಎಂದು ಓದಿದ್ದಳು. ಎಳೆದಳು. ನಿಂತಿತು. ಕಾಫಿ ತಂದ ರಂಗನಾಯಕಮ್ಮನವರು ಎರಡೂ ಕೈ ಬಿಟ್ಟು ಗಾಜಿನ ಮುಖ ಹೊತ್ತು ನಿಂತವಳನ್ನು ನೋಡಿ, "ಅಯ್ಯೋ ನಿಮಿಷಾಂಬಾ!" ಎಂದು ಕಿರುಚಿ, ಕಾಫಿಯನ್ನು ಭೂತಾಯಿಗೆ ಅರ್ಪಿಸಿದರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಅಂಗಿಯನ್ನೂ ಪರೀಕ್ಷಿಸಬೇಕಲ್ಲ? ಕೋಣೆಗೆ ಹೋಗಿ, ಇಡೀ ಮೈಗೆ ಏರಿಸಿ, ಬಾತುಕಾಲು ತೊಟ್ಟು, ಪಟಪಟ ಸದ್ದು ಮಾಡುತ್ತ ಹೊರಗೆ ಬಂದಳು. ಎಲ್ಲೂ ತೂತಿಲ್ಲ, ಎಲ್ಲೂ ಸಡಿಲವಿಲ್ಲ.

"ಅಚ್ಚಲ್ಲಿ ಹೊಯ್ದ ಹಾಗಿದೆ ಕಣೇ!" ಎಂದರು ರಂಗನಾಯಕಮ್ಮನವರು, ಚೇತರಿಸಿಕೊಂಡು.

ಸುಮೇಧಾಳ ಮನಸ್ಸಿನಲ್ಲಿ ಎಲ್ಲೋ ಒಂದು ಕಡೆ ಪುಟ್ಟ ಪ್ರಶ್ನೆಯೊಂದು ತಲೆ ಎತ್ತಿತು: ನನಗೆ ಇಷ್ಟು ಸರಿಯಾಗಿದ್ದರೆ ಅವರಿಗೆ...? ಆದರೆ ಎಳೆದಷ್ಟೂ ಹಿಗ್ಗುತ್ತದೆ ಎಂದು ಅಂಗಡಿಯವನು ಹೇಳಿದ್ದಾನೆ. ಕುಳ್ಳಯ್ಯನ ಪುಸ್ತಕ ಸುಳ್ಳು ಹೇಳುವುದಿಲ್ಲ. ಒಂದು ಚಕ್ಕುಲಿ ಬಾಯಿಗೆ ಹಾಕಿಕೊಂಡು ಆ ಪ್ರಶ್ನೆಯನ್ನೂ ಜೊತೆಗೇ ನುಂಗಿದಳು.

ಶನಿವಾರ ಬಂತು. ಬೆಳಿಗ್ಗೆ ಆರೂವರೆಗೆ ಇಡೀ ಸಂಸಾರ ಚಿಕ್ಕಸ್ವಾಮಿಯ ಓಮ್ನಿಯಲ್ಲಿ ಗಂಜಾಮಿಗೆ ಬಂದಿಳಿಯಿತು. ಒಂಬತ್ತಕ್ಕೆ ರಾಹುಕಾಲ, ಅಷ್ಟರೊಳಗೆ ಮದ್ದೂರು ದಾಟಬೇಕೆಂದು ಶಾಮಣ್ಣನವರ ಅಪ್ಪಣೆ. ಆದರೆ ರಂಗನಾಯಕಮ್ಮನವರು ಬಾಗಿಲಿಗೆ ಅಡ್ಡ ನಿಂತರು.

"ಎರಡು ದಿನ ಕಾವಲು ಕಾದಿದೀನಿ ಕಣೋ ಶ್ರೀರಾಮ. ಹಾಕಿ ತೋರ್ಸು, ಕಣ್ತುಂಬ ನೋಡಿ ಕಳಿಸ್ತೀನಿ."

"ಈಗ ಹಾಕಬಹುದೇನಮ್ಮ?" ಎಂದ ಶ್ರೀರಾಮ್.

"ಹೊರಟಾಯ್ತಲ್ಲ, ಹಾಕು," ಎಂದರು ತುಳಸಮ್ಮನವರು.

ಶ್ರೀರಾಮ್ ಹುರುಪಿನಿಂದ ಕೋಣೆಗೆ ಹೋದ. ಮೊದಲು ರಬ್ಬರು ಎಳೆಯುವ ಸದ್ದು ಕೇಳಿಸಿತು. ಆಮೇಲೆ ಮಂಚಕ್ಕೆ ಏನೋ ಬಡಿದ ಸದ್ದು. ಆಮೇಲೆ "ಚಿಕ್ಕಸ್ವಾಮೀ!" ಎಂಬ ಕ್ಷೀಣ ಸ್ವರ. ಚಿಕ್ಕಸ್ವಾಮಿ ಒಳಗೆ ಹೋದ. ಅವನ ಮಾತು ಮಾತ್ರ ಹೊರಗೆ ಬರುತ್ತಿತ್ತು.

"ಉಸ್ರು ಬುಡಬ್ಯಾಡಿ ಶ್ರೀರಾಮಣ್ಣ, ಎಳೀತೀನಿ... ಇನ್ನೊಸಿ ಒಟ್ಟೆ ಒಳೀಕ್ ಎಳ್ಕಳಿ... ಇರೋದೇ ಇಷ್ಟಾ ಎಳ್ಕಳಾಕೆ?... ಅಣ್ಣೋ, ಬೇಕಾರೆ ಬೆಣ್ಣೆ ಅಚ್ಕಂಡು ನೋಡಾನಾ?"

ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಅಂಗಿ ತೊಡೆಯವರೆಗೆ ಏರಿ ಅಲ್ಲಿ ಸತ್ಯಾಗ್ರಹ ಹೂಡಿತ್ತು. ಅಲ್ಲಿಂದ ಮೇಲಕ್ಕೆ ಶ್ರೀರಾಮ್ ಬನಿಯನ್ನಿನಲ್ಲಿ ಸ್ವತಂತ್ರನಾಗಿದ್ದ. ಬಾತುಕಾಲಿನ ಹಿಂದೆ ಹಿಮ್ಮಡಿ ಎರಡಂಗುಲ ಹೊರಗೆ ನೇತಾಡುತ್ತಿತ್ತು. ಮುಖ ಬದನೆಕಾಯಿಯ ಬಣ್ಣ.

"ಕುಳ್ಳಯ್ಯ ತಪ್ಪು ಬರ್ಕೊಂಡಿದಾನೆ," ಎಂದ ಏದುಸಿರು ಬಿಡುತ್ತ.

"ಅವನ್ನ ಯಾಕೋ ಅಂತೀಯ? ಅವನು ಅಳೆದ ಮೇಲೆ ಐದು ವರ್ಷ ತುಪ್ಪ ಬಡಿಸಿದೋಳು ನಾನು," ಎಂದರು ತುಳಸಮ್ಮನವರು.

ಸುಮೇಧಾ ಬಾಯಿಯಲ್ಲಿ "ಅಯ್ಯೋ ಪಾಪ!" ಎಂದಳು. ಒಳಗೆ ದೀಪಾವಳಿ. ಸಾಮಾನು ಹಿಡಿಸುವುದಿಲ್ಲ. ಹಿಡಿಸದಿದ್ದರೆ ಗಂಡ ಮುಳುಗುವುದಿಲ್ಲ. ಮುಳುಗದಿದ್ದರೆ ಸಾಯುವುದಿಲ್ಲ. ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಸಮುದ್ರ ಎದ್ದು ಹೊರಟುಹೋದಂತಾಯಿತು. ಆ ಒಂದೂವರೆ ನಿಮಿಷ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಅವಳಷ್ಟು ಸುಖಿ ಇನ್ನೊಬ್ಬರಿರಲಿಲ್ಲ.

"ಹೋಗ್ಲಿ ಬಿಡಿ, ಏನ್ಮಾಡಕ್ಕಾಗತ್ತೆ. ದಡದಲ್ಲಿ ಕೂತ್ಕೊಂಡು ಎಳನೀರು ಕುಡಿಯೋಣ."

"ದುಡ್ಡು ಕಟ್ಟಾಗಿದೆ ಕಣೇ. ಅಲ್ಲೇ ಬಾಡಿಗೇದು ಹಾಕ್ಕೋತೀನಿ."

"ಎಂಜಲು!" ಎಂದರು ತುಳಸಮ್ಮ.

"ಥೂ, ಹತ್ತು ಜನ ಕಚ್ಚಿದ್ದಂತೆ!" ಎಂದರು ರಂಗನಾಯಕಮ್ಮ.

"ಮಗು ಮೇಲೆ ಆಣೆ ಬೇರೆ ಇಟ್ಟಿದೀಯ," ಎಂದರು ಶಾಮಣ್ಣ.

ಸುಮೇಧಾ ವಿನಯದಿಂದ ತಲೆ ತಗ್ಗಿಸಿದಳು. ತಗ್ಗಿಸಿದ ತಲೆಯ ಮೇಲೆ ರಂಗನಾಯಕಮ್ಮನವರ ಮುಂದಿನ ಮಾತು ಬಿತ್ತು.

"ಆದ್ರೆ ಅತ್ತಿಗೆ, ಇಟ್ಟ ಪ್ರಸ್ಥಾನದ ಗತಿ ಏನು? ಯಾವ ಕೆಲಸಕ್ಕೆ ಹೊಸ್ತಿಲು ದಾಟಿತೋ ಆ ಕೆಲಸ ಆಗ್ದೆ ಗಂಟು ಬರಿದೇ ವಾಪಸ್ ಬಂದ್ರೆ, ಮನೇಲಿ ಚಿಕ್ಕೋರಿಗೆ ಆಗಲ್ಲ ಅಂತಾರೆ."

ಎಲ್ಲರೂ ಚಿಕ್ಕವಳ ಕಡೆ ತಿರುಗಿದರು. ಮಣೆಯ ಮೇಲೆ ಕೂತು ಕೋಡುಬಳೆ ತಿನ್ನುತ್ತಿದ್ದ ಸಹನ, ಆ ಸರಿಯಾದ ಮುಹೂರ್ತದಲ್ಲಿ, ಸೀನಿದಳು.

ಒಂದೇ ಸೀನು.

"ಒಂಟಿ ಸೀನು," ಎಂದರು ತುಳಸಮ್ಮ, ಮೆಲ್ಲಗೆ.

"ಅದು ಖಾರ ಹೆಚ್ಚಾಗಿ ಬಂದಿದ್ದು ಅತ್ತೆ!" ಎಂದಳು ಸುಮೇಧಾ.

"ಇರಬಹುದು," ಎಂದರು ಶಾಮಣ್ಣನವರು, ಇರಲಾರದು ಅನ್ನುವ ಸ್ವರದಲ್ಲಿ.

"ಚಿಂತೆ ಯಾಕೆ?" ರಂಗನಾಯಕಮ್ಮನವರ ಮುಖ ಅರಳಿತು. "ನಿನ್ನೆ ಇವಳು ಹಾಕ್ಕೊಂಡಾಗ ಅಚ್ಚಲ್ಲಿ ಹೊಯ್ದ ಹಾಗೆ ಕೂತಿತ್ತಲ್ಲ! ಪ್ರಸ್ಥಾನಕ್ಕಿಟ್ಟ ಮೇಲೆ ಮೊದಲು ಮೈಗೇರಿಸಿದೋಳು ಇವಳೇ. ಯಜಮಾನಿ ಇವಳೇ ಆದಳು."

ಶ್ರೀರಾಮ್ ತೊಡೆಯ ಬಳಿ ಸಿಕ್ಕಿಕೊಂಡಿದ್ದ ಅಂಗಿಯನ್ನೂ ಹೆಂಡತಿಯನ್ನೂ ಒಮ್ಮೆ ನೋಡಿದ. ಐದು ವರ್ಷದ ಹಿಂದಿನ ತನ್ನ ಅಳತೆಗೆ ಈಗ ಹೆಂಡತಿ ಬಂದು ಮುಟ್ಟಿದ್ದಾಳೆ ಎಂಬ ವಿಷಯ ಅವನಿಗೆ ಆಗ ಹೊಳೆಯಿತು. ಬಾಯಿ ತೆರೆದ. ಹೆಂಡತಿಯ ಕಣ್ಣು ನೋಡಿ ಮುಚ್ಚಿದ.

"ನಂಗೆ ಈಜು ಬರಲ್ಲ!" ಎಂದು ಸುಮೇಧಾ ಚೀರಿದಳು.

"ಬರಬೇಕಾಗಿಲ್ಲ ಅಂತ ನೀನೇ ಓದಿ ಹೇಳಿದ್ದೆ," ಎಂದ ಶ್ರೀರಾಮ್. "ಒಬ್ಬರಿಗೆ ಒಬ್ಬ ಮೇಷ್ಟ್ರು, ಕೈ ಹಿಡ್ಕೊಂಡೇ ಇರ್ತಾರಂತೆ."

"ಈ ಸಾಮಾನಿದ್ರೆ ಎಂಥೋರೂ ಮುಳುಗಿ ಸಾಯಲ್ಲ ಅಂತಾನೂ ಹೇಳಿದ್ಯಮ್ಮ," ಎಂದರು ಶಾಮಣ್ಣ. "ನಾನೇ ಸರಿ ಹಾಕ್ಕೊಟ್ಟಿದೀನಿ."

"ಮಗೂನ ಯಾರು ನೋಡ್ಕೋತಾರೆ?"

"ದೋಣೀಲಿ ನಾನಿರ್ತೀನಲ್ಲ," ಎಂದ ಶ್ರೀರಾಮ್. "ಬೇಡ ಅಂದ್ರೆ ಬೇಡ, ಬಿಡು. ಏನೋ ಒಂದು ಸೀನು, ಅಷ್ಟಕ್ಕೆ..."

ಸುಮೇಧಾ ಮಗಳನ್ನು ನೋಡಿದಳು. ಸಹನ ಇನ್ನೊಂದು ಸೀನಿಗೆ ಮೂಗು ಅರಳಿಸಿಕೊಂಡು ಕೂತಿದ್ದಳು. ಬರಲಿ ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಬರಲಿಲ್ಲ. ಕೋಡುಬಳೆ ಮುಂದುವರೆಸಿದಳು.

"ಬೇಗ ಒಂದು ತೀರ್ಮಾನಕ್ಕೆ ಬನ್ನಿ ಕಣ್ರಕ್ಕಾ," ಎಂದ ಚಿಕ್ಕಸ್ವಾಮಿ. "ರಾವುಕಾಲ ಮದ್ದೂರಲ್ಲಿ ಕಾಯ್ತಾ ಕುಂತದೆ."

ಮೂರನೆಯ ದಿನ ಮಧ್ಯಾಹ್ನ ಅಂಡಮಾನಿನ ಒಂದು ದೋಣಿಯ ಅಂಚಿನಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿ, ಸುಮೇಧಾ ಕೂತಿದ್ದಳು. ಬಾಯಲ್ಲಿ ಸ್ವಂತ ರಬ್ಬರು. ದೋಣಿಯ ಇನ್ನೊಂದು ತುದಿಯಲ್ಲಿ ಶ್ರೀರಾಮ್ ಸಹನಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಳೆಹಣ್ಣು ತಿನ್ನಿಸುತ್ತಿದ್ದ. ಮಗುವಿಗೆ ಟೋಪಿ ಹಾಕಿರಲಿಲ್ಲ. ಬಿಸಿಲು. ಹೇಳಲು ಬಾಯಿ ಖಾಲಿಯಿಲ್ಲ.

ಅವಳ ಮೇಷ್ಟರು, ಬಿಸಿಲಿಗೆ ಕಂದಿದ ತಮಿಳು ಹುಡುಗ, ಸಿಲಿಂಡರಿಗೆ ಜೋತುಬಿದ್ದ ಒಂದು ದುಂಡನೆಯ ಮೀಟರನ್ನು ಅವಳ ಕೈಗೆ ಕೊಟ್ಟ. ಎಷ್ಟು ಗಾಳಿ ಉಳಿದಿದೆಯೆಂದು ಅದರ ಮುಳ್ಳು ತೋರಿಸುತ್ತದಂತೆ. "ಆಗಾಗ ನೋಡ್ಕೊಳ್ಳಿ ಅಕ್ಕಾ, ಸಾಕು," ಎಂದು ಇಂಗ್ಲಿಷಿನಲ್ಲಿ ಹೇಳಿ, ಹೆಗಲು ಹಿಡಿದು ಹಿಂದಕ್ಕೆ ತಳ್ಳಿದ.

ಒಳಗೆ ಏನಾಯಿತೆಂದು ಅವಳಿಗೆ ಗೊತ್ತು. ಇನ್ನೂರರಿಂದ ಮುಳ್ಳು ನೂರ ಎಂಬತ್ತಕ್ಕೆ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ನೂರ ಅರವತ್ತು. ನೂರ ನಲವತ್ತು. ನೂರ ಹತ್ತು. ತೊಂಬತ್ತು. ಅಷ್ಟರಲ್ಲಿ ಯಾರೋ ಮೇಲಕ್ಕೆ ಎಳೆದರು, ಬೆಳಕಾಯಿತು, ದೋಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಅಂಗಿಯೊಳಗೆ ಒಂದು ಹನಿ ಹೆಚ್ಚಿಗೆ ನೀರು ನುಗ್ಗಿರಲಿಲ್ಲ, ಕನ್ನಡಕ ಸೋರಿರಲಿಲ್ಲ. ಆಯ್ಕೆಯಲ್ಲಿ ಎಲ್ಲೂ ತಪ್ಪಿರಲಿಲ್ಲ. "ಟೋಪಿ!" ಎಂದಳು, ರಬ್ಬರು ಉಗುಳಿ.

ಸಾಯಂಕಾಲ ರೂಮಿಗೆ ಬಂದಾಗ ಫೋನು ಬಡಿದುಕೊಂಡಿತು. ಮೇಷ್ಟರು ಹುಡುಗ ನೀರಿನೊಳಗೆ ತೆಗೆದ ಫೋಟೋಗಳನ್ನು ಶ್ರೀರಾಮ್ ಆಗಲೇ ಶ್ರೀರಂಗಪಟ್ಟಣಕ್ಕೆ ರವಾನಿಸಿದ್ದ. ಫೋನಿನ ಪರದೆಯಲ್ಲಿ ಅತ್ತೆ, ಮಾವ, ಗಂಜಾಮಿನಿಂದ ಓಡಿಬಂದ ರಂಗನಾಯಕತ್ತೆ, ಹಿಂದೆ ಬಾಗಿಲಿಗೊರಗಿ ಚಿಕ್ಕಸ್ವಾಮಿ, ಎಲ್ಲರ ತಲೆಗಳೂ ಒಂದಕ್ಕೊಂದು ಒತ್ತಿಕೊಂಡು ಕಾಣುತ್ತಿದ್ದವು.

"ನಮ್ಮ ಮನೆತನದಲ್ಲೇ ಇಷ್ಟು ಧೈರ್ಯ ಯಾರಿಗೂ ಇರಲಿಲ್ಲ ಕಣೇ!" ತುಳಸಮ್ಮನವರ ಕಣ್ಣಲ್ಲಿ ನೀರು. "ನಾನಾಗಿದ್ರೆ ಪ್ರಾಣಾನೇ ಬಿಡ್ತಿದ್ದೆ. ಎತ್ತಿನ ಗಾಡಿ ಚಕ್ರದಷ್ಟು ದೊಡ್ಡ ಆಮೆ! ಹೆಗಲ ಮೇಲಿಂದ ಇಣುಕಿ ನೋಡ್ತಿದೆ, ನಿನ್ನ ಕೆನ್ನೆಗೆ ಕೆನ್ನೆ ತಾಗೋ ಹಾಗೆ! ನೀನು ಒಂದಿಷ್ಟಾದ್ರೂ ಅಲ್ಲಾಡಿದೀಯಾ? ನಿನ್ನ ಪಾಡಿಗೆ ನೀನು ಆ ಗಡಿಯಾರ ನೋಡ್ಕೊಂಡಿದೀಯ!"

"ಅದೂ ಗಡಿಯಾರಾನೇ ನೋಡ್ತಾ ಅದೆ ಕಣಕ್ಕಾ," ಎಂದ ಹಿಂದಿನಿಂದ ಚಿಕ್ಕಸ್ವಾಮಿ. "ಅದ್ಕೂ ಮನೇಗ್ ಓಗೋ ಒತ್ತಾಗಿತ್ತೇನೋ."

"ಹೆದರಿಕೆ ಆಗ್ಲಿಲ್ವೇನಮ್ಮ ಆಮೆ ನೋಡಿ?" ಎಂದು ಶಾಮಣ್ಣನವರು ಕೇಳಿದರು.

ಸುಮೇಧಾ ಕೈಯಲ್ಲಿದ್ದ ಸಹನಳ ಒದ್ದೆ ಬಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಯಾವ ಆಮೆ ಮಾವ?"